ಹಾಲು ನಿಲ್ಲಿಸಬೇಡ, ಬಡ್ಡಿ ನಿಲ್ಲಿಸು

(ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಅಕ್ಕ ಪಂಚಾಯ್ತಿಯ ಸ್ವಸಹಾಯ ಸಂಘಗಳ ಪುಸ್ತಕ ಬರೆಯುವವಳು. ತಮ್ಮ ಮದ್ದೂರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಲಗೇಜ್ ಆಟೋ ಓಡಿಸುತ್ತಾನೆ. ಅವನ ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಹೊಸ ಸಾಲಕ್ಕೆ ಅಕ್ಕನ ಜಾಮೀನು ಬೇಕೆಂದು ಅವನು ಬಂದಿದ್ದಾನೆ.)

ತಮ್ಮ: ಎರಡೇ ಕಡೆ ಸಹಿ ಅಕ್ಕ. ಫೈನಾನ್ಸ್‌ನವರು ಎರಡು ಲಕ್ಷ ಕೊಡ್ತಾರೆ. ಇರೋ ಸಾಲನೆಲ್ಲ ಒಂದೇ ಸಲ ತೀರಿಸಿಬಿಡ್ತೀನಿ. ಆಮೇಲೆ ತಿಂಗಳಿಗೆ ಒಂದೇ ಕಂತು, ಒಂದೇ ಕಡೆ.

ಅಕ್ಕ: ಬಡ್ಡಿ ಎಷ್ಟಂತೆ?

ತಮ್ಮ: ನೂರಕ್ಕೆ ಒಂದೂವರೆ ರೂಪಾಯಿ. ಈಗ ಒಬ್ಬರಿಗೆ ಐದು ರೂಪಾಯಿ ಬಡ್ಡಿ ಕಟ್ತಾ ಇದ್ದೀನಿ. ಅದಕ್ಕಿಂತ ಎಷ್ಟೋ ವಾಸಿ ಅಲ್ವಾ?

ಅಕ್ಕ: ಎಷ್ಟು ವರ್ಷ? ಕಂತು ಎಷ್ಟು?

ತಮ್ಮ: ಮೂರು ವರ್ಷ. ತಿಂಗಳಿಗೆ 8,556.

ಅಕ್ಕ: ಸಹಿ ವಿಚಾರ ಆಮೇಲೆ. ಯಾರ್ಯಾರಿಗೆ ಎಷ್ಟೆಷ್ಟು ಕೊಡ್ಬೇಕು ಅಂತ ಮೊದಲು ಹೇಳು. ಬರ್ಕೋತೀನಿ.

ತಮ್ಮ: ಅದೆಲ್ಲ ಯಾಕಕ್ಕ, ನಂಗೆ ಬಾಯಲ್ಲೇ ಇದೆ.

ಅಕ್ಕ: ಬಾಯಲ್ಲಿದ್ರೆ ಸಾಲದು. ಸಂಘದ ಪುಸ್ತಕ ಬರೆಯೋಳು ನಾನು. ಎಷ್ಟು ಜನ ಹೆಂಗಸರು ನನ್ನ ಮುಂದೆ ಕೂತು "ಒಟ್ಟು ಎಂಬತ್ತು ಸಾವಿರ ಇರಬಹುದು" ಅಂತಾರೆ. ಬರೆದು ಕೂಡಿಸಿದ್ರೆ ಎರಡು ಲಕ್ಷ ದಾಟಿರುತ್ತೆ. ಸುಳ್ಳು ಹೇಳ್ತಾರೆ ಅಂತಲ್ಲ, ಒಟ್ಟು ನೋಡೋಕೇ ಭಯ. ಹೇಳು, ಮೊದಲನೇದು.

ತಮ್ಮ: ಅಪ್ಪನ ತಿಥಿಗೆ ತಗೊಂಡಿದ್ದು. ನಲವತ್ತು ಸಾವಿರ, ಐದು ರೂಪಾಯಿ ಬಡ್ಡಿ. ತಿಂಗಳಿಗೆ ಎರಡು ಸಾವಿರ ಬಡ್ಡಿ ಕಟ್ತೀನಿ.

ಅಕ್ಕ: ತಿಥಿಗೆ ಸಾಲ ಮಾಡಿದ್ಯಾ? ಕೈಯಲ್ಲಿತ್ತು ಅಂದಿದ್ದೆಯಲ್ಲೋ!

ತಮ್ಮ: ಏನ್ ಹೇಳಲಿ? ಆಸ್ಪತ್ರೆ ಬಿಲ್ಲು ಕಟ್ಟಿ ಕೈ ಬರಿದಾಗಿತ್ತು. ಹನ್ನೊಂದು ದಿನದಲ್ಲಿ ಊರಿಗೆಲ್ಲ ಊಟ ಹಾಕ್ಬೇಕು. ಒಂದು ಕುರಿ ಕಡಿಮೆ ಆದ್ರೂ "ಮಗ ಆಗಿ ಅಪ್ಪನ ತಿಥಿ ನೆಟ್ಟಗೆ ಮಾಡಲಿಲ್ಲ" ಅಂತಾರೆ. ನೀನು ಕೊಟ್ಟ ಹೆಣ್ಣು. ನಿನ್ನ ಹತ್ರ ಕೇಳೋದು ಹೇಗೆ?

ಅಕ್ಕ: ನಾನು ಕೊಟ್ಟ ಹೆಣ್ಣಾದ್ರೂ ಅವರು ನನಗೂ ಅಪ್ಪಾನೇ. ಆ ಊಟ ಉಂಡೋರು ಯಾರಾದ್ರೂ ಈ ಎರಡು ವರ್ಷದಲ್ಲಿ ಒಂದು ತಿಂಗಳ ಬಡ್ಡಿ ಕಟ್ಟಿದ್ದಾರಾ? ನನಗೆ ಸಿಟ್ಟು ಬರ್ತಿದೆ, ನಿನ್ನ ಮೇಲಲ್ಲ. ಆಸ್ಪತ್ರೆಯಿಂದ ಹೆಣ ತಂದ ಮನೆ ಹನ್ನೊಂದೇ ದಿನಕ್ಕೆ ಊರಿಗೆಲ್ಲ ಉಣಿಸಬೇಕು ಅನ್ನೋ ಈ ಪದ್ಧತಿ ನಮ್ಮ ಕಡೆ ಎಷ್ಟು ಮನೆ ಮುಳುಗಿಸಿದೆ ಅಂತ ಪುಸ್ತಕ ಬರೆಯೋ ನನಗೆ ಗೊತ್ತು. ಸಂಘದಲ್ಲಿ "ಮನೆ ಖರ್ಚಿಗೆ" ಅಂತ ಬರೆಸಿದ ಸಾಲ ಎಷ್ಟೋ ಸಲ ತಿಥಿಗೋ ನಾಮಕರಣಕ್ಕೋ ಬೀಗರೂಟಕ್ಕೋ ಹೋಗಿರುತ್ತೆ. ಸರಿ, ಮುಂದಕ್ಕೆ ಹೇಳು.

ತಮ್ಮ: ಇವಳ ಸರ ಗಿರವಿ ಅಂಗಡಿಯಲ್ಲಿದೆ. ಅವರಮ್ಮ ಕೊಟ್ಟಿದ್ದು, 24 ಗ್ರಾಂ. ಅಪ್ಪನಿಗೆ ಸ್ಟೆಂಟ್ ಹಾಕಿಸಿದಾಗ ಇಟ್ಟಿದ್ದು. ಎಂಬತ್ತು ಸಾವಿರಕ್ಕೆ ಎರಡು ರೂಪಾಯಿ ಬಡ್ಡಿ. ತಿಂಗಳಿಗೆ 1,600. ಆಮೇಲೆ ಮೈಕ್ರೋಫೈನಾನ್ಸ್ ಒಂದು, ಐವತ್ತು ಸಾವಿರ. ಇಂಜಿನ್ ಕೆಲಸ ಬಂದಾಗ ಇವಳ ಹೆಸರಲ್ಲಿ ತಗೊಂಡಿದ್ದು. ಕಂತು 2,645, ಇನ್ನು 12 ತಿಂಗಳು. ಇನ್ನೊಂದು ಮೈಕ್ರೋಫೈನಾನ್ಸ್ ನಲವತ್ತು ಸಾವಿರ. ಕಂತು 2,115, ಇನ್ನು 18.

ಅಕ್ಕ: ಇದು ಯಾವುದಕ್ಕೆ?

ತಮ್ಮ: ಕಂತು ಕಟ್ಟೋಕೆ. ತಗೊಂಡಿದ್ದು ನಂಗೇ ಗೊತ್ತಿರಲಿಲ್ಲ. ತಿಂಗಳ ಕೊನೇಲಿ ದುಡ್ಡು ಸಾಲದೆ ಹೋದಾಗ ಇವಳೇ ತಗೊಂಡಿದ್ದಾಳೆ. ಗೊತ್ತಾದ ದಿನ ಜಗಳ ಆಯ್ತು. "ಐದು ರೂಪಾಯಿ ಬಡ್ಡಿಗೆ ತಂದಿದ್ದನ್ನ ನೀನು ನಂಗೆ ಹೇಳಿದ್ದೆಯಾ" ಅಂದ್ಲು. ಬಾಯಿ ಮುಚ್ಕೊಂಡೆ.

ಅಕ್ಕ: ಆಟೋದ್ದು?

ತಮ್ಮ: ಇಎಂಐ 7,200. ಇನ್ನು 14 ತಿಂಗಳು. ಅದನ್ನ ಮಾತ್ರ ಒಂದು ತಿಂಗಳೂ ತಪ್ಪಿಸಿಲ್ಲ. ಗಾಡಿ ಎಳ್ಕೊಂಡು ಹೋದ್ರೆ ಊಟನೇ ಹೋದಂಗೆ. ಇನ್ನು ಸೋದರಮಾವನ ಮೂವತ್ತು ಸಾವಿರ ಕೈಸಾಲ, ಬಡ್ಡಿ ಇಲ್ಲ. ಅವರು ಎದುರಿಗೆ ಬಂದ್ರೆ ನಾನು ಬೇರೆ ಬೀದಿ ಹಿಡೀತೀನಿ.

ಅಕ್ಕ: ಇಲ್ಲಿ ನೋಡು. ತಿಥಿ ಸಾಲ ಎರಡು ಸಾವಿರ, ಗಿರವಿ 1,600, ಮೈಕ್ರೋಫೈನಾನ್ಸ್ 2,645, ಇನ್ನೊಂದು 2,115. ಒಟ್ಟು 8,360. ಆ ಫೈನಾನ್ಸ್‌ನವನು ಕೇಳ್ತಿರೋದು 8,556. ನಾಲ್ಕು ಕಂತು ಹೋಗಿ ಒಂದು ಕಂತು ಬರುತ್ತೆ ನಿಜ, ಆದ್ರೆ ತಿಂಗಳಿಗೆ 196 ರೂಪಾಯಿ ಜಾಸ್ತಿನೇ ಕೊಡ್ತೀಯ.

ತಮ್ಮ: ಹೌದಾ? ಆದ್ರೆ ಮೂರು ವರ್ಷಕ್ಕೆ ಅಸಲೂ ತೀರುತ್ತಲ್ಲ. ಈಗ ತಿಥಿ ಸಾಲ, ಗಿರವಿ ಎರಡಕ್ಕೂ ಬರೀ ಬಡ್ಡಿ ಹೋಗ್ತಿದೆ.

ಅಕ್ಕ: ಆ ಮಾತು ಸರಿ. ಆದ್ರೆ ಒಂದೂವರೆ ರೂಪಾಯಿ ಅಂದಿದ್ದು ಫ್ಲಾಟ್ ಲೆಕ್ಕ. ಎರಡು ಲಕ್ಷಕ್ಕೆ ತಿಂಗಳಿಗೆ ಮೂರು ಸಾವಿರ ಬಡ್ಡಿ, 36 ತಿಂಗಳಿಗೂ ಅಷ್ಟೇ. ನೀನು ಪ್ರತಿ ತಿಂಗಳು 5,556 ಅಸಲು ಇಳಿಸ್ತಾ ಹೋದ್ರೂ ಬಡ್ಡಿ ಇಳಿಯಲ್ಲ. ಕೊನೇ ತಿಂಗಳು ನಿನ್ನ ಹತ್ರ ಉಳಿದಿರೋದು ಅವರ 5,556 ರೂಪಾಯಿ ಮಾತ್ರ. ಆ ಒಂದು ತಿಂಗಳಿಗೂ ಮೂರು ಸಾವಿರ ಬಡ್ಡಿ ತಗೋತಾರೆ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿ ಲೆಕ್ಕ ಮಾಡಿದ್ರೆ ಇದು ವರ್ಷಕ್ಕೆ ನೂರಕ್ಕೆ ಮೂವತ್ತು ರೂಪಾಯಿ ದಾಟುತ್ತೆ. ಎರಡು ಲಕ್ಷ ತಗೊಂಡು 3,08,000 ಕಟ್ತೀಯ. ಅದಕ್ಕೆ ನಾನು ಜಾಮೀನು ಹಾಕಲ್ಲ.

ತಮ್ಮ: ಹಾಗಾದ್ರೆ ನಾನೇನ್ ಮಾಡ್ಲಿ? ಖರ್ಚು ಕಡಿಮೆ ಮಾಡು ಅಂತೀಯಾ? ಎಲ್ಲರೂ ಹೇಳೋದು ಅದೇ. ಇವಳೂ ನಾನೂ ಮಾತಾಡ್ಕೊಂಡಿದ್ದೀವಿ, ಮುಂದಿನ ತಿಂಗಳಿಂದ ಹಾಲು ಅರ್ಧ ಮಾಡೋಣ, ಮಗಳನ್ನ ಟ್ಯೂಷನ್ ಬಿಡಿಸೋಣ ಅಂತ.

ಅಕ್ಕ: ಖರ್ಚೂ ಹೇಳು, ಬರ್ಕೋತೀನಿ.

ತಮ್ಮ: ಬಾಡಿಗೆ 3,500. ದಿನಸಿ, ತರಕಾರಿ 3,500; ಅಕ್ಕಿ ಸೊಸೈಟಿಯಿಂದ ಬರುತ್ತೆ, ಇಲ್ಲದಿದ್ರೆ ಇಷ್ಟಕ್ಕೆ ಆಗ್ತಿರಲಿಲ್ಲ. ಹಾಲು 1,200. ಗ್ಯಾಸು 900. ಮಕ್ಕಳ ಸ್ಕೂಲು, ಟ್ಯೂಷನ್ 1,400. ಫೋನು 500. ಮಾತ್ರೆ, ಚಿಲ್ಲರೆ 500. ಕರೆಂಟ್ ಗೃಹಜ್ಯೋತಿಯಲ್ಲಿ ಹೋಗುತ್ತೆ.

ಅಕ್ಕ: 11,500. ಆದಾಯ?

ತಮ್ಮ: ಡೀಸೆಲ್ ಕಳೆದು ನನಗೆ 12,000 ಅಂತಿಟ್ಕೋ. ಎಳನೀರು ಸೀಸನ್ನಲ್ಲಿ ಜಾಸ್ತಿ, ಮಳೆ ಹಿಡಿದ್ರೆ ದಿನಗಟ್ಟಲೆ ಮಾರ್ಕೆಟ್ ಹತ್ರ ಲೋಡ್ ಇಲ್ಲದೆ ಕೂರ್ತೀನಿ. ಇವಳಿಗೆ ಪಿಎಫ್, ಇಎಸ್‌ಐ ಹಿಡ್ಕೊಂಡು ಕೈಗೆ 11,000. ಗೃಹಲಕ್ಷ್ಮಿ ಎರಡು ಸಾವಿರ. ಒಟ್ಟು 25,000.

ಅಕ್ಕ: ಸಾಲಕ್ಕೆ 8,360, ಆಟೋಗೆ 7,200. ಅಲ್ಲಿಗೆ 15,560. ಮನೆಗೆ ಉಳಿಯೋದು 9,440. ಖರ್ಚು 11,500. ಪ್ರತಿ ತಿಂಗಳು 2,060 ಕೊರತೆ. ನಿನ್ನ ಹೆಂಡ್ತಿ ನಲವತ್ತು ಸಾವಿರ ಯಾಕೆ ತಂದ್ಲು ಅಂತ ಈಗ ಕಾಣಿಸ್ತಾ? ಅವಳು ಈ ತೂತನ್ನ ಒಬ್ಬಳೇ ಮುಚ್ತಾ ಇದ್ಲು.

ತಮ್ಮ: ಅದಕ್ಕೇ ಹೇಳಿದ್ದು, ಹಾಲು ಕಡಿಮೆ...

ಅಕ್ಕ: ಹಾಲಿನ ಮಾತು ಎತ್ತಬೇಡ ನನ್ನ ಮುಂದೆ! ಅರ್ಧ ಮಾಡಿದ್ರೆ ಉಳಿಯೋದು ಆರುನೂರು. ನೀನು ಎರಡು ವರ್ಷದಲ್ಲಿ ತಿಥಿ ಸಾಲಕ್ಕೆ ಕಟ್ಟಿದ ಬಡ್ಡಿ 48,000. ಗಿರವಿಗೆ ಕಟ್ಟಿದ್ದು 38,400. ಎರಡೂ ಸೇರಿ 86,400 ರೂಪಾಯಿ ಹೋಗಿದೆ ಕಣೋ. ಅಸಲು 1,20,000 ಇದ್ದ ಹಾಗೇ ಇದೆ, ಒಂದು ರೂಪಾಯಿ ಇಳಿದಿಲ್ಲ. ಮಗು ಕುಡಿಯೋ ಹಾಲು ನಿನಗೆ ಖರ್ಚಾಗಿ ಕಾಣಿಸುತ್ತೆ, ಈ ತಿಂಗಳ 3,600 ಕಾಣಿಸಲ್ಲ. ಬಡವರ ಮನೇಲೆಲ್ಲ ಇದೇ ಆಗೋದು. ಕೈಗೆ ಸಿಗೋದು ಅಡುಗೆಮನೆ ಅಂತ ಅಲ್ಲಿಂದ ಕತ್ತರಿಸೋಕೆ ಶುರು ಮಾಡ್ತಾರೆ. ಮೊದಲು ಹಾಲು, ಆಮೇಲೆ ಮೊಟ್ಟೆ, ಆಮೇಲೆ ಹೆಂಗಸಿನ ಊಟ. ಬಡ್ಡಿ ಮಾತ್ರ ತಪ್ಪದೆ ಹೋಗುತ್ತೆ.

ತಮ್ಮ: ಬಡ್ಡಿ ನಿಲ್ಲಿಸೋಕೆ ಅಸಲು ಕಟ್ಬೇಕಲ್ಲಕ್ಕ. ಒಂದು ಲಕ್ಷದ ಇಪ್ಪತ್ತು ಸಾವಿರ ಎಲ್ಲಿಂದ ತರಲಿ?

ಅಕ್ಕ: ಆ ಸರದಿಂದಲೇ.

ತಮ್ಮ: ಮಾರೋದಾ? ಅದೊಂದು ಮಾತ್ರ ಆಗಲ್ಲ. ಇವಳಿಗೆ ಅವರಮ್ಮನದು ಅಂತ ಉಳಿದಿರೋದು ಅದೊಂದೇ.

ಅಕ್ಕ: ಮಾರು ಅಂತ ನಾನೆಲ್ಲಿ ಹೇಳಿದೆ? ಗಿರವಿ ಅಂಗಡಿಯಿಂದ ಬಿಡಿಸಿ ಬ್ಯಾಂಕಿನಲ್ಲಿಡು. ಬ್ಯಾಂಕಿನಲ್ಲಿ ಒಡವೆ ಸಾಲಕ್ಕೆ ವರ್ಷಕ್ಕೆ ನೂರಕ್ಕೆ ಒಂಬತ್ತು, ಹತ್ತು ರೂಪಾಯಿ ಆಸುಪಾಸು ಬಡ್ಡಿ. ಗಿರವಿ ಅಂಗಡಿಯವರದು ತಿಂಗಳಿಗೆ ಎರಡು, ಅಂದ್ರೆ ವರ್ಷಕ್ಕೆ ಇಪ್ಪತ್ನಾಲ್ಕು. ನೀನು ಇಟ್ಟಾಗಿನಿಂದ ಚಿನ್ನದ ಬೆಲೆ ಸಿಕ್ಕಾಪಟ್ಟೆ ಏರಿದೆ. 24 ಗ್ರಾಂಗೆ ಬ್ಯಾಂಕಿನವರು 1,20,000 ಆರಾಮಾಗಿ ಕೊಡ್ತಾರೆ. ಎಂಬತ್ತು ಗಿರವಿಗೆ, ನಲವತ್ತು ತಿಥಿ ಸಾಲಕ್ಕೆ. ಎರಡೂ ಮುಗೀತು. ಹತ್ತು ರೂಪಾಯಿ ಬಡ್ಡಿ ಅಂತ ಹಿಡಿದ್ರೂ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೆ ತಿಂಗಳಿಗೆ ಸಾವಿರ. ಈಗ ಕೊಡ್ತಿರೋದು 3,600.

ತಮ್ಮ: ತಿಂಗಳಿಗೆ 2,600 ಉಳಿಯುತ್ತಾ!

ಅಕ್ಕ: ಪೂರ್ತಿ ಕೈಗೆ ಉಳಿಸ್ಕೋಬೇಡ. ಬ್ಯಾಂಕಿಗೆ ತಿಂಗಳಿಗೆ 1,600 ಕಟ್ಟು. ಸಾವಿರ ಬಡ್ಡಿಗೆ, ಆರುನೂರು ಅಸಲಿಗೆ. ಉಳಿದ ಎರಡು ಸಾವಿರ ಮನೆಗೆ. ನಿನ್ನ ಕೊರತೆ 2,060 ಇತ್ತಲ್ಲ, ಅದು ಹೆಚ್ಚೂಕಮ್ಮಿ ಮುಚ್ಚಿತು. ಹಾಲು ಹಾಗೇ ಬರಲಿ, ಹುಡುಗಿ ಟ್ಯೂಷನ್‌ಗೆ ಹೋಗಲಿ. ಹೊಸ ಸಾಲ ತರೋ ಪ್ರಮೇಯ ತಪ್ಪುತ್ತೆ, ಅದೇ ದೊಡ್ಡದು.

ತಮ್ಮ: ಆರುನೂರು ರೂಪಾಯಿ ಲೆಕ್ಕದಲ್ಲಿ ಅಸಲು ತೀರೋದು ಯಾವ ಕಾಲಕ್ಕೆ?

ಅಕ್ಕ: ಹನ್ನೆರಡು ತಿಂಗಳಿಗೆ ಮೊದಲನೇ ಮೈಕ್ರೋಫೈನಾನ್ಸ್ ಮುಗಿಯುತ್ತೆ. ಆ 2,645 ಬ್ಯಾಂಕಿಗೆ ತಿರುಗಿಸು. ಹದಿನಾಲ್ಕಕ್ಕೆ ಆಟೋ ಮುಗಿಯುತ್ತೆ, ಆ 7,200 ಕೂಡ ಅಲ್ಲಿಗೇ. ಹದಿನೆಂಟಕ್ಕೆ ಎರಡನೇ ಮೈಕ್ರೋಫೈನಾನ್ಸು. ಹೀಗೆ ಒಂದರ ಮೇಲೊಂದು ಸೇರಿಸ್ತಾ ಹೋದ್ರೆ 23ನೇ ತಿಂಗಳಿಗೆ ಸರ ಮನೆಗೆ ಬರುತ್ತೆ. ಲೆಕ್ಕ ಹಾಕಿ ತೋರಿಸ್ತೀನಿ ಬೇಕಾದ್ರೆ. ಟೈರು, ಇನ್ಶೂರೆನ್ಸು, ಎಫ್‌ಸಿ ಅಂತ ನಡುವೆ ಬರುತ್ತಲ್ಲ, ಅದಕ್ಕೆ ಎರಡೂವರೆ ವರ್ಷ ಅಂತಿಟ್ಕೋ. ಆದ್ರೂ ಆ ಫೈನಾನ್ಸ್‌ನವನ ಮೂರು ವರ್ಷಕ್ಕಿಂತ ಮೊದಲೇ. ಒಂದು ಮರೀಬೇಡ. ಒಡವೆ ಸಾಲ ವರ್ಷದ ಅವಧಿಯದಾದ್ರೆ ವರ್ಷಕ್ಕೊಮ್ಮೆ ಬಡ್ಡಿ ತೀರಿಸಿ ರಿನ್ಯೂ ಮಾಡಿಸ್ಬೇಕು. ನೋಟಿಸ್ ಬಂದ್ರೆ ಓದದೆ ಗೂಡಿಗೆ ಸಿಕ್ಕಿಸಬೇಡ. ಓದದ ನೋಟಿಸಿನಿಂದ ಹರಾಜಾದ ಒಡವೆ ಎಷ್ಟೋ.

ತಮ್ಮ: ಬ್ಯಾಂಕಿನವರು ಒಂದೂವರೆ ಲಕ್ಷ ಕೊಡ್ತೀವಿ ಅಂದ್ರೆ? ಮಾವನ ಸಾಲನೂ ತೀರಿಸಿಬಿಡಬಹುದು.

ಅಕ್ಕ: ಬೇಡ. ಮಾವನ ದುಡ್ಡಿಗೆ ಬಡ್ಡಿ ಇಲ್ಲ. ಬಡ್ಡಿ ಇಲ್ಲದ ಸಾಲನ ಬಡ್ಡಿ ಸಾಲ ಮಾಡಿ ತೀರಿಸ್ತಾರೇನೋ?

ತಮ್ಮ: ಮರ್ಯಾದೆ ಪ್ರಶ್ನೆ ಅಕ್ಕ. ಮದುವೆ ಮನೇಲಿ ಅವರ ಮುಖ ನೋಡೋಕಾಗಲ್ಲ.

ಅಕ್ಕ: ನೀನು ಬೀದಿ ಬದಲಿಸೋದರಿಂದಲೇ ಅವರಿಗೆ ಬೇಜಾರು. ಮನೆಗೆ ಹೋಗು. "ಮಾವ, ಇಷ್ಟಿಷ್ಟು ಸಾಲ ಇದೆ, ನಿಮ್ಮದು ಎರಡು ವರ್ಷ ಆದ್ಮೇಲೆ ಕೊಡ್ತೀನಿ, ಮರೆತಿಲ್ಲ" ಅಂತ ಹೇಳಿ ಬಾ. ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ರೆ ಬಂಧುಗಳು ಕಾಯ್ತಾರೆ.

ತಮ್ಮ: ಹೇಳ್ತೀನಿ. ಆದ್ರೆ ಸರ ಬಿಡಿಸೋಕೆ ಮೊದಲು ಎಂಬತ್ತು ಸಾವಿರ ಕೈಯಲ್ಲಿ ಬೇಕಲ್ಲ. ಅದಿಲ್ಲದೇ ತಾನೇ ಎರಡು ವರ್ಷ ಕಟ್ತಾ ಬಂದಿದ್ದು.

ಅಕ್ಕ: ನಿಮ್ಮ ಭಾವನ ಕಬ್ಬಿನ ಬಿಲ್ಲು ಬಂದಿದೆ. ಅಕೌಂಟಿನಲ್ಲಿದೆ. ಬೆಳಿಗ್ಗೆ ಅದನ್ನ ಡ್ರಾ ಮಾಡಿ ಸರ ಬಿಡಿಸ್ತೀವಿ, ಮಧ್ಯಾಹ್ನದೊಳಗೆ ಬ್ಯಾಂಕಿನಲ್ಲಿಡ್ತೀವಿ, ಎಂಬತ್ತು ಸಾವಿರ ಅವರ ಅಕೌಂಟಿಗೆ ವಾಪಸ್. ಹೆಚ್ಚಂದ್ರೆ ಎರಡು ದಿನ.

ತಮ್ಮ: ಭಾವನ ಹತ್ರನಾ... ಬೇಡಕ್ಕ. ಅವರ ಮನೇಲಿ ನಿನಗೆ ಮಾತು ಬರುತ್ತೆ.

ಅಕ್ಕ: ನಿನ್ನೆ ರಾತ್ರಿನೇ ಅವರ ಜೊತೆ ಮಾತಾಡಿದ್ದೀನಿ. ನೀನು ಜಾಮೀನಿಗೆ ಬರ್ತೀಯ ಅಂತ ನಿನ್ನ ಹೆಂಡ್ತಿ ಫೋನ್ ಮಾಡಿದ್ಲು. ಅವರು ಅಂದಿದ್ದು ಒಂದೇ ಮಾತು, "ಇಷ್ಟು ದಿನ ಯಾಕೆ ಹೇಳಲಿಲ್ಲ ಅವನು" ಅಂತ.

ತಮ್ಮ: ...

ಅಕ್ಕ: ತಲೆ ಎತ್ತೋ. ಸಾಲ ಮಾಡೋದು ತಪ್ಪಲ್ಲ. ನೀನು ಕುಡಿದು ಕಳೆದಿಲ್ಲ, ಇಸ್ಪೀಟ್ ಆಡಿ ಕಳೆದಿಲ್ಲ. ಅಪ್ಪನ್ನ ಉಳಿಸೋಕೆ ನೋಡಿದೆ.

ತಮ್ಮ: ಐದು ರೂಪಾಯಿ ಬಡ್ಡಿಯೋರ ವಿಷಯ ಒಂದಿದೆ. ಮಾರ್ಕೆಟ್ಟಲ್ಲಿ ಹುಡುಗರು ಹೇಳ್ತಿದ್ರು, 2025ರಲ್ಲಿ ಸರ್ಕಾರ ಕಾನೂನು ಮಾಡಿದೆ, ಲೈಸೆನ್ಸ್ ಇಲ್ಲದೋರು ಬಡವರಿಗೆ ಕೊಟ್ಟ ಸಾಲ ಮನ್ನಾ ಆದಂಗೆ, ಕಟ್ಟೋದೇ ಬೇಡ ಅಂತ. ನಿಜವಾ?

ಅಕ್ಕ: ಕಾನೂನು ಇರೋದು ನಿಜ. ಆ ವರ್ಷ ಜನವರಿಯಲ್ಲಿ ಚಾಮರಾಜನಗರದ ಕಡೆ ಕಂತಿನ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟೋರ ಸುದ್ದಿ ಬಂತಲ್ಲ, ಜೀವ ಕಳ್ಕೊಂಡೋರೂ ಇದ್ರು. ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು. ರಾಜ್ಯಪಾಲರು ಒಂದು ಸಲ ವಾಪಸ್ ಕಳಿಸಿ ಆಮೇಲೆ ಸಹಿ ಹಾಕಿದ್ರು. ಸಾಲ ವಸೂಲಿಗೆ ಕಿರುಕುಳ ಕೊಟ್ರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ನೋಂದಣಿ, ಲೈಸೆನ್ಸ್ ಇಲ್ಲದ ಲೇವಾದೇವಿಯವರು ದುರ್ಬಲರಿಗೆ ಕೊಟ್ಟ ಸಾಲ ತೀರಿದಂತೆ ಅಂತಲೂ ಇದೆ. ಮೀಟರ್ ಬಡ್ಡಿ ವಿರುದ್ಧ 2004ರ ಕಾಯ್ದೆ ಮೊದಲೇ ಇತ್ತು. ಬಾಗಿಲಿಗೆ ಬಂದು ಅವಮಾನ ಮಾಡೋರು, ಹೆದರಿಸೋರು ಇದ್ರೆ ನಾನೇ ನಿನ್ನ ಜೊತೆ ಸ್ಟೇಷನ್ನಿಗೆ ಬರ್ತೀನಿ.

ತಮ್ಮ: ಅವರು ಹಾಗೇನಿಲ್ಲ. ತಿಂಗಳ ಮೊದಲ ವಾರ ಫೋನ್ ಮಾಡ್ತಾರೆ ಅಷ್ಟೇ.

ಅಕ್ಕ: ಹಾಗಿದ್ಮೇಲೆ ಅಸಲು ಕೊಡೋಣ. ಸಾವಿನ ಕಷ್ಟದಲ್ಲಿ ಕೈಗೆ ಕೊಟ್ಟ ದುಡ್ಡು ಅದು. ಆದ್ರೆ ನಲವತ್ತು ಸಾವಿರಕ್ಕೆ ನಲವತ್ತೆಂಟು ಸಾವಿರ ಬಡ್ಡಿ ಹೋಗಿದೆ, ಇನ್ನು ಬಡ್ಡಿ ಬೇಡ. ಭಾವನ್ನ ಕರ್ಕೊಂಡು ಹೋಗು. ಹಿರಿಯರೊಬ್ಬರ ಎದುರಿಗೆ ಅಸಲು ಕೊಟ್ಟು, ಸಹಿ ಮಾಡಿಸ್ಕೊಂಡ ಖಾಲಿ ಚೆಕ್ಕು ಇದ್ರೆ ವಾಪಸ್ ಈಸ್ಕೊಂಡು, ತೀರಿತು ಅಂತ ಬರೆಸ್ಕೊಂಡು ಬಾ. ತಾತನ ಕಾಲದ ಕಥೆ ಅಜ್ಜಿ ಹೇಳ್ತಿದ್ರು, ನಿನಗೆ ನೆನಪಿದೆಯೋ ಇಲ್ವೋ. 1976ರಲ್ಲಿ ದೇವರಾಜ ಅರಸರ ಸರ್ಕಾರ ಋಣ ಪರಿಹಾರ ಕಾಯ್ದೆ ತಂದಾಗ ಸಾಹುಕಾರರ ಮನೇಲಿದ್ದ ನಮ್ಮ ಹಿತ್ತಾಳೆ ಹಂಡೆ, ಕೊಳಗ ಎಲ್ಲ ಮನೆಗೆ ಬಂದ್ವಂತೆ. ಅಜ್ಜಿ ಅದನ್ನ ಹೇಳೋವಾಗ ಕಣ್ಣಲ್ಲಿ ನೀರು. ಆದ್ರೆ ಮುಂದಿನ ಮುಂಗಾರಿಗೆ ಬಿತ್ತನೆ ರಾಗಿಗೆ ದುಡ್ಡು ಕೊಡೋರು ಒಬ್ಬರೂ ಇರಲಿಲ್ಲವಂತೆ. ಕಾನೂನು ಹಳೇ ಸಾಲ ಬಿಡಿಸಿತು, ಒಳ್ಳೇದೇ ಮಾಡಿತು. ಮುಂದಿನ ಕಷ್ಟಕ್ಕೆ ಕಡಿಮೆ ಬಡ್ಡಿಗೆ ಕೊಡೋ ಜಾಗ ಬೇರೆ ಬೇಕಿತ್ತು, ಅದು ನಮ್ಮೂರಲ್ಲಿ ಆಗ ಇರಲಿಲ್ಲ.

ತಮ್ಮ: ಈಗ ಇದೆಯಲ್ಲ, ಬೀದಿಗೊಂದು ಸಂಘ. ಮೈಕ್ರೋಫೈನಾನ್ಸ್‌ನವರೂ ಸಂಘ, ನಿಮ್ಮದೂ ಸಂಘ. ಎಲ್ಲಾ ಕಡೆ ಬಡ್ಡಿ ತಪ್ಪಿದ್ದಲ್ಲ.

ಅಕ್ಕ: ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ. ನಮ್ಮ ಸಂಘದಲ್ಲಿ ಹತ್ತು ಹದಿನೈದು ಜನ ಹೆಂಗಸರು ವಾರ ವಾರ ಉಳಿಸಿದ ದುಡ್ಡು, ಮೇಲೆ ಬ್ಯಾಂಕಿನ ಸಾಲ. ನೂರಕ್ಕೆ ಒಂದು ರೂಪಾಯಿ ಬಡ್ಡಿ ಹಾಕ್ತೀವಿ, ಒಳಗಿನ ಸಾಲದ ಬಡ್ಡಿ ಸಂಘದ ಖಾತೆಗೇ ಬೀಳುತ್ತೆ. ಯಾರಿಗೆ ಕೊಡ್ಬೇಕು ಅಂತ ಅವರೇ ಕೂತು ತೀರ್ಮಾನ ಮಾಡ್ತಾರೆ. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರನ್ನ ಸೇರಿಸಿ ಸಹಕಾರ ಪತ್ತಿನ ಸಂಘ ಕಟ್ಟಿದ್ದು ಇದೇ ಕಾರಣಕ್ಕೆ, ಸಾಹುಕಾರನ ಮನೆ ಬಾಗಿಲಿಗೆ ಹೋಗೋದು ತಪ್ಪಲಿ ಅಂತ. ನೂರ ಇಪ್ಪತ್ತು ವರ್ಷ ಆಯ್ತು, ಇನ್ನೂ ನನ್ನ ತಮ್ಮ ಐದು ರೂಪಾಯಿ ಬಡ್ಡಿಗೆ ದುಡ್ಡು ತರ್ತಾನೆ. ನಿನ್ನ ಹೆಂಡ್ತಿ ಮದ್ದೂರಲ್ಲಿ ಇಂಥ ಸಂಘಕ್ಕೆ ಸೇರಿದ್ದಾಳಾ?

ತಮ್ಮ: ಎಲ್ಲಿ ಸೇರ್ತಾಳೆ? ಏಳೂಮುಕ್ಕಾಲಿಗೆ ಗಾರ್ಮೆಂಟ್ಸ್ ಬಸ್ಸು. ಮೈಕ್ರೋಫೈನಾನ್ಸ್ ಮೀಟಿಂಗ್‌ಗೇ ಹೋಗೋಕಾಗಲ್ಲ. ತಿಂಗಳಲ್ಲಿ ಎರಡು ಮಂಗಳವಾರ ಬೆಳಿಗ್ಗೆ ಏಳಕ್ಕೆ ಸೆಂಟರ್ ಮನೆ ಜಗುಲಿ ಮೇಲೆ ಕೂರ್ಬೇಕು. ಕಂತು, ಕಾರ್ಡು ಎರಡೂ ಕೈಲಿರ್ಬೇಕು. ಒಬ್ಬಳು ಬರದಿದ್ರೆ ಉಳಿದೋರನ್ನ ಬಿಡಲ್ಲ. ಹೋದ ತಿಂಗಳು ಒಬ್ಬಳು ಬರಲಿಲ್ಲ ಅಂತ ಎಲ್ಲ ಸೇರಿ ಇನ್ನೂರಿನ್ನೂರು ಹಾಕಿದ್ರು. ಇವಳು ಬಸ್ಸು ತಪ್ಪಿಸ್ಕೊಂಡು ಅರ್ಧ ದಿನದ ಸಂಬಳ ಕಳ್ಕೊಂಡ್ಲು. ರಾತ್ರಿ ಎಂಟಕ್ಕೂ ಫೋನ್ ಬರುತ್ತೆ.

ಅಕ್ಕ: ಬರಬಾರದು. 2022ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ ಇದೆ. ಮೈಕ್ರೋಫೈನಾನ್ಸ್ ಸಾಲಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ಮೇಲೆ ವಸೂಲಿ ಫೋನ್ ಮಾಡೋ ಹಾಗಿಲ್ಲ. ಗೊತ್ತು ಮಾಡಿದ ಜಾಗಕ್ಕೆ ಸಾಲ ತಗೊಂಡೋರು ಒಂದರ ಹಿಂದೊಂದು ಎರಡು ಸಲ ಬರದಿದ್ರೆ ಮಾತ್ರ ಮನೆಗೆ ಬರಬಹುದು. ಅವಧಿಗೆ ಮೊದಲೇ ತೀರಿಸಿದ್ರೆ ದಂಡ ಇಲ್ಲ. ಕಂತು ತಡ ಆದ್ರೆ ದಂಡ ತಡವಾದ ಮೊತ್ತಕ್ಕೆ ಮಾತ್ರ, ಪೂರ್ತಿ ಸಾಲಕ್ಕಲ್ಲ. ಮುಂದಿನ ಸಲ ರಾತ್ರಿ ಫೋನ್ ಬಂದ್ರೆ ದಿನ, ಗಂಟೆ ಬರೆದಿಟ್ಕೊಳ್ಳಿ. ಮೊದಲು ಆ ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ. ಹೇಗೆ, ಎಲ್ಲಿಗೆ ಅಂತ ಗೊತ್ತಾಗದಿದ್ರೆ ರಿಸರ್ವ್ ಬ್ಯಾಂಕಿನ ನಂಬರ್ 14448ಕ್ಕೆ ಫೋನ್ ಮಾಡಿ ಕೇಳಿ.

ತಮ್ಮ: ಇಷ್ಟೆಲ್ಲ ನಿಯಮ ಇದ್ರೆ ನಮಗೆ ಎರಡನೇ ಸಾಲ ಹೇಗೆ ಕೊಟ್ರು?

ಅಕ್ಕ: ಅದು ನೋಡಿ ನನಗೂ ಹೊಟ್ಟೆ ಉರೀತು. ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು ಅಂತ ಅದೇ ನಿಯಮದಲ್ಲಿದೆ. 25,000ಕ್ಕೆ ಅರ್ಧ 12,500. ಆಟೋ, ಮೊದಲ ಮೈಕ್ರೋಫೈನಾನ್ಸ್, ಎರಡನೇದು ಸೇರಿಸಿದ್ರೆ 11,960. ಕಾಗದದ ಮೇಲೆ ಸರಿಯಾಗಿದೆ. ಆದ್ರೆ ತಿಥಿ ಸಾಲ, ಗಿರವಿ ಅಂಗಡಿ ಇವು ಅವರ ಕಂಪ್ಯೂಟರಿನಲ್ಲಿ ಬರಲ್ಲ. ಗೃಹಲಕ್ಷ್ಮಿ ದುಡ್ಡನ್ನೂ ಆದಾಯಕ್ಕೆ ಸೇರಿಸಿದ್ದಾರೆ. ಅದನ್ನ ಬಿಟ್ರೆ 23,000ಕ್ಕೆ ಅರ್ಧ 11,500, ಮಿತಿ ದಾಟುತ್ತೆ. ಮಕ್ಕಳಿಗೆ ತಿನ್ನಿಸು ಅಂತ ಹೆಂಗಸಿನ ಕೈಗೆ ಕೊಟ್ಟ ಎರಡು ಸಾವಿರ ಇನ್ನೊಂದು ಸಾಲ ಹುಟ್ಟಿಸೋಕೆ ಲೆಕ್ಕವಾಯ್ತು. ಇದು ಅನ್ಯಾಯ. ಇದನ್ನ ನಾವು ಮಹಿಳಾ ಗ್ರಾಮಸಭೆಯಲ್ಲಿ ಎತ್ತಬೇಕು, ಎತ್ತುತ್ತೀನಿ.

ತಮ್ಮ: ಅಕ್ಕ, ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕೋಬೇಡ. ನಿನ್ನ ಲೆಕ್ಕ ಎಲ್ಲ ಸರಿ. ಆದ್ರೆ ನಾಳೆ ನಾನು ಮಲಗಿದ್ರೆ? ಒಂದು ತಿಂಗಳು ಗಾಡಿ ನಿಂತ್ರೆ ಈ ಪುಸ್ತಕದ ಲೆಕ್ಕ ಏನಾಗುತ್ತೆ? ದುಡಿಯೋ ದುಡ್ಡೇ ಕಮ್ಮಿ ಇರೋವಾಗ ಎಷ್ಟು ಬರೆದ್ರೂ ಅಷ್ಟೇ.

ಅಕ್ಕ: ನೀನು ಹೇಳೋದು ನಿಜ. ಇದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ದಿನಾ ಹತ್ತು ಗಂಟೆ ಗಾಡಿ ಓಡಿಸೋನಿಗೆ 12,000, ದಿನಾ ಎಂಟು ಗಂಟೆ ಹೊಲಿಯೋಳಿಗೆ 11,000 ಬರೋ ಊರಲ್ಲಿ ಒಂದು ಕಾಯಿಲೆ ಬಂದ್ರೆ ಸಾಲ ಆಗೇ ಆಗುತ್ತೆ. ಅದು ನಿನ್ನ ಕೈ ದುಂದಲ್ಲ. ಆದ್ರೆ ಮುಂದಿನ ಕಾಯಿಲೆಗೆ ಗಿರವಿ ಅಂಗಡಿಗೆ ಓಡದ ಹಾಗೆ ಮಾಡಬಹುದು. ನಿನ್ನ ಹೆಂಡ್ತಿ ಸಂಬಳದಲ್ಲಿ ಇಎಸ್‌ಐ ಹಿಡೀತಾರಲ್ಲ, ಅದರಲ್ಲಿ ನಿನಗೂ ಮಕ್ಕಳಿಗೂ ಚಿಕಿತ್ಸೆ ಇದೆ. ಕಾರ್ಡಿನಲ್ಲಿ ನಿಮ್ಮ ಹೆಸರು ಸೇರಿಸಿದ್ದೀರಾ?

ತಮ್ಮ: ಕಾರ್ಡ್ ಎಲ್ಲಿದೆಯೋ ಗೊತ್ತಿಲ್ಲ.

ಅಕ್ಕ: ಹುಡುಕಿ ಸೇರಿಸಿ. ತಿಂಗಳು ತಿಂಗಳು ದುಡ್ಡು ಹೋಗ್ತಿದೆ, ಉಪಯೋಗ ಯಾಕೆ ಬಿಡ್ತೀರಾ? ಬಿಪಿಎಲ್ ಕಾರ್ಡಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಇದೆ. ಅದನ್ನೂ ಮಾಡಿಸಿಟ್ಟಿರಿ. ಇನ್ನೊಂದು, ಸೀಸನ್ ದುಡ್ಡು. ಬೇಸಿಗೆಯಲ್ಲಿ ಜಾಸ್ತಿ ಬಂದಿದ್ದನ್ನ ಬೇಸಿಗೆಯಲ್ಲೇ ಖರ್ಚು ಮಾಡಬೇಡ. ಅಂಚೆ ಕಚೇರಿಯಲ್ಲೊಂದು ಖಾತೆ ತೆಗೆದು ಹಾಕಿಡು, ಮಳೆಗಾಲದಲ್ಲಿ ಲೋಡ್ ಇಲ್ಲದ ತಿಂಗಳು ಅಲ್ಲಿಂದ ತೆಗಿ. ಯಾರಾದ್ರೂ ಚೀಟಿ ಹಾಕು ಅಂತ ಬಂದ್ರೆ ಈ ಎರಡು ವರ್ಷ ಬೇಡ ಅನ್ನು. ನೋಂದಣಿ ಇಲ್ಲದ ಚೀಟಿ ನಡೆಸಿ ರಾತ್ರೋರಾತ್ರಿ ಓಡಿಹೋದೋರನ್ನ ನೋಡಿದ್ದೀವಿ.

ತಮ್ಮ: ಆದ್ರೆ ಊರಮ್ಮನ ವರ್ಷದ ಹಬ್ಬ, ಜಾತ್ರೆ ಬರುತ್ತೆ. ನೆಂಟರು ಬರ್ತಾರೆ.

ಅಕ್ಕ: ಬರಲಿ. ಮುದ್ದೆ, ಸಾರು ಮಾಡಿ ಬಡಿಸೋಣ. ಈ ಸಲ ಕುರಿ ಇಲ್ಲ, ಸಾಲ ತೀರಿಸ್ತಾ ಇದ್ದೀವಿ ಅಂತ ನಾನೇ ಎಲ್ಲರಿಗೂ ಹೇಳ್ತೀನಿ. ಒಬ್ಬರು ಬಾಯಿ ಬಿಟ್ಟು ಹೇಳಿದ್ರೆ ಇನ್ನು ನಾಲ್ಕು ಮನೆಯೋರಿಗೆ ಉಸಿರು ಬರುತ್ತೆ. ಅವರೂ ಒಳಗೊಳಗೇ ಕಟ್ತಾ ಇರ್ತಾರೆ.

ತಮ್ಮ: ಫೈನಾನ್ಸ್‌ನವನಿಗೆ ಏನ್ ಹೇಳ್ಲಿ? ನಾಳೆ ಬರ್ತಾನೆ, ಆರ್‌ಸಿ ಬುಕ್ ತೆಗೆದಿಟ್ಟಿರು ಅಂದಿದ್ದಾನೆ.

ಅಕ್ಕ: ಬೇಡ ಅಂತ ಹೇಳು. ಆರ್‌ಸಿ ಬುಕ್ ಯಾರ ಕೈಗೂ ಕೊಡಬೇಡ, ಖಾಲಿ ಕಾಗದಕ್ಕೂ ಖಾಲಿ ಚೆಕ್ಕಿಗೂ ಸಹಿ ಹಾಕಬೇಡ. ಈ ನೋಟ್‌ಬುಕ್ ತಗೊಂಡು ಹೋಗಿ ಇವತ್ತು ರಾತ್ರಿನೇ ಹೆಂಡ್ತಿಗೆ ತೋರಿಸು. ಅವಳದ್ದು ಇನ್ನೇನಾದ್ರೂ ಇದ್ರೆ ಬರೆಸು, ಬೈಬೇಡ. ಇನ್ನು ಮೇಲೆ ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು ಒಂದು ರೂಪಾಯಿನೂ ತರಬಾರದು. ಸೋಮವಾರ ಅವಳು ಒಂದು ದಿನ ರಜೆ ಹಾಕಲಿ, ಸರ ಅವಳದು, ಅವಳ ಖಾತೆಯಲ್ಲೇ ಇಡೋಣ. ಗಿರವಿ ಚೀಟಿ, ಆಧಾರ್, ಪಾನ್ ಕಾರ್ಡ್, ಪಾಸ್‌ಬುಕ್, ಎರಡು ಫೋಟೋ ತಗೊಂಡು ಇಬ್ಬರೂ ಬನ್ನಿ. ಬ್ಯಾಂಕ್ ಹತ್ತಕ್ಕೆ ತೆಗೆಯುತ್ತೆ. ಒಂಬತ್ತೂವರೆಗೆ ನಾನೂ ನಿಮ್ಮ ಭಾವನೂ ಗಿರವಿ ಅಂಗಡಿ ಹತ್ರ ಇರ್ತೀವಿ.